ಕಡೂರಲ್ಲಿ ಹೀಗಿರಲಿಲ್ಲ

ಮೊನ್ನೆ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಕಾಗದಪತ್ರ ಹುಡುಕುವಾಗ ಟ್ರಂಕಿನ ತಳದಲ್ಲಿ ತಾಯಿ ಕಾರ್ಡು ಸಿಕ್ಕಿತು. ಬಸುರಾದಾಗ ಆಸ್ಪತ್ರೆಯಲ್ಲಿ ಕೊಟ್ಟು, ಮಗುವಿನ ಚುಚ್ಚುಮದ್ದು, ತೂಕ ಎಲ್ಲವನ್ನೂ ಇದರಲ್ಲೇ ಬರೆಸಿಕೊಳ್ಳಿ ಅನ್ನುತ್ತಾರಲ್ಲ, ಅದೇ. ಮಡಿಚಿ ಮಡಿಚಿ ನಡುವೆ ಹರಿದಿದೆ. ಒಂದು ಮೂಲೆಯಲ್ಲಿ ಸಾರಿನ ಕಲೆ. ತೂಕ ಬರೆಯುವ ಪುಟದಲ್ಲಿ ಮೂರು ಕೈಬರಹ. ಮೇಲಿನದು ದುಂಡಗೆ, ಅಚ್ಚು ಹಾಕಿದ ಹಾಗೆ. ಅದು ಕಡೂರಿನ ಟೀಚರದ್ದು. ನಡುವಿನದು ಪೆನ್ಸಿಲಿನಲ್ಲಿ ಬರೆದು ಅಳಿಸಿ ಮತ್ತೆ ಬರೆದದ್ದು, ಅದು ತರೀಕೆರೆಯದು. ಕೆಳಗಿನದು ಓಡುತ್ತ ಬರೆದ ಹಾಗೆ ಓರೆಯಾಗಿದೆ. ಅಜ್ಜಂಪುರದ ಗೀತಾ ಟೀಚರ್ ಬರೆದದ್ದು. ಅದನ್ನು ಕಂಡರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಯಾಕೆ ಅಂತ ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರುತ್ತೇನೆ. ನೇರವಾಗಿ ಹೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ನನಗೊಂದು ಚಟವಿದೆ, ಹೋಲಿಸುವ ಚಟ. ಬೀರೂರಿನಲ್ಲಿ ಈರುಳ್ಳಿ ಕೊಂಡರೆ ಕಡೂರಿನ ಈರುಳ್ಳಿ ನೆನಪಾಗುತ್ತದೆ. ಹೊಸ ಸೀರೆ ಉಟ್ಟು ಕನ್ನಡಿ ಮುಂದೆ ನಿಂತರೆ ಅಂಗಡಿಯಲ್ಲೇ ಬಿಟ್ಟು ಬಂದ ಸೀರೆ ಕಣ್ಣಿಗೆ ಕಟ್ಟುತ್ತದೆ. ಮದುವೆಯಾದ ಹೊಸದರಲ್ಲಿ ಅತ್ತೆ ಮಾಡಿದ ಮುದ್ದೆ ಉಣ್ಣುತ್ತ, ನಮ್ಮಮ್ಮನ ಮುದ್ದೆ ಇನ್ನೂ ಮೆದು ಇರುತ್ತೆ ಅಂದುಬಿಟ್ಟೆ. ಅತ್ತೆ ಒಂದು ವಾರ ಮಾತು ಬಿಟ್ಟರು. ಆಮೇಲೆ ತವರಿಗೆ ಹೋದಾಗ ಅತ್ತೆಯ ಮುದ್ದೆಯೇ ವಾಸಿ ಅಂದೆ. ಅಮ್ಮನೂ ಮಾತು ಬಿಟ್ಟಳು. ಇದನ್ನು ಹೇಳಿಕೊಂಡು ನಗುತ್ತಿದ್ದೆ, ಅಜ್ಜಂಪುರಕ್ಕೆ ಹೋಗುವವರೆಗೂ.

ನಾನು ರೈಲ್ವೆ ಗೇಟು ಕಾಯುವವಳು. ರೈಲು ಬರುವ ಮುಂಚೆ ರಸ್ತೆಗೆ ಅಡ್ಡಲಾಗಿ ಕಂಬ ಇಳಿಸುವುದು, ಹೋದ ಮೇಲೆ ಎತ್ತುವುದು, ನಡುವೆ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ನಮ್ಮೂರು ಯಗಟಿಯ ಪಕ್ಕ. ಯಜಮಾನರು ಅಲ್ಲೇ ಇದ್ದು ರಾಗಿ ಹೊಲ, ಒಂದಷ್ಟು ತೆಂಗು, ಕುರಿಮಂದೆ ನೋಡಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಬಸ್ಸು ಹಿಡಿದು ನಾನಿದ್ದಲ್ಲಿಗೆ ಬರುತ್ತಾರೆ. ನಾನಿರುವುದು ಎಲ್ಲಿ ಅನ್ನುವುದು ರೈಲ್ವೆಯವರ ಇಷ್ಟ. ಈಗ ಗೇಟುಗಳನ್ನೆಲ್ಲ ತೆಗೆದು ಹಳಿಯ ಕೆಳಗೆ ದಾರಿ ತೋಡುತ್ತಿದ್ದಾರೆ. ಕಡೂರಿನ ಹತ್ತಿರದ ನನ್ನ ಗೇಟು ಹೋಯಿತು, ತರೀಕೆರೆಗೆ ಹಾಕಿದರು. ಅಲ್ಲಿಯ ಗೇಟೂ ಹೋಯಿತು, ಅಜ್ಜಂಪುರಕ್ಕೆ ಹಾಕಿದರು.

“ನೀನು ಕಾಲಿಟ್ಟ ಗೇಟು ಉಳಿಯಲ್ಲ ಕಣೇ” ಅಂತ ಯಜಮಾನರು ರೇಗಿಸುತ್ತಿದ್ದರು.

ಹೀಗೆ ಎರಡು ವರ್ಷದೊಳಗೆ ನನ್ನ ಮಗಳು ಇಂಚರ ಮೂರು ಊರಿನ ಮೂರು ಅಂಗನವಾಡಿ ಕಂಡಳು. ನನ್ನ ಚಟಕ್ಕೆ ಹಬ್ಬವಾಯಿತು.

ನಾನು ಕಲಿತದ್ದೂ ಅಂಥ ಕಡೆಯೇ. ಆಗ ನನ್ನ ತವರೂರಲ್ಲಿ ಅದನ್ನು ಬಾಲವಾಡಿ ಅನ್ನುತ್ತಿದ್ದರು. ಪಂಚಾಯಿತಿ ಆಫೀಸಿನ ಪಕ್ಕದ ಹೆಂಚಿನ ಕೋಣೆ. ಮನೆಯಿಂದ ತಟ್ಟೆ ಒಯ್ಯಬೇಕಿತ್ತು. ಹನ್ನೆರಡು ಗಂಟೆಗೆ ಹಳದಿ ಉಪ್ಪಿಟ್ಟು. ನಾನು ತಟ್ಟೆ ಮರೆತ ದಿನ ಲಂಗದ ಮಡಿಲಲ್ಲೇ ಹಾಕಿಸಿಕೊಂಡು, ಹೊಟ್ಟೆ ಸುಡುತ್ತಿದ್ದರೂ ಮನೆವರೆಗೆ ಓಡಿ, ಅಮ್ಮನ ಮುಂದೆ ಸುರಿದಿದ್ದೆ. ಯಾರೂ ತಡೆದಿರಲಿಲ್ಲ. ಯಾವ ಮಗು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಅಂತ ಆಗ ಯಾರೂ ಕೇಳುತ್ತಿರಲಿಲ್ಲ. ಊರೇ ನೋಡಿಕೊಳ್ಳುತ್ತಿತ್ತೋ, ಅಥವಾ ಯಾರೂ ನೋಡಿಕೊಳ್ಳುತ್ತಿರಲಿಲ್ಲವೋ, ಈಗ ಹೇಳುವುದು ಕಷ್ಟ.

ಕಡೂರಿನದು ಹೊಸ ಕಟ್ಟಡ, ಸರ್ಕಾರಿ ಶಾಲೆಯ ಕಾಂಪೌಂಡಿನೊಳಗೆ. ಹೊರಗೋಡೆಯ ಮೇಲೆ ರೈಲಿನ ಚಿತ್ರ, ಒಂದೊಂದು ಡಬ್ಬಿಯಲ್ಲೂ ಒಂದೊಂದು ಅಕ್ಷರ. ನೆಲಕ್ಕೆ ಟೈಲ್ಸು, ಮಕ್ಕಳ ಕೈಗೆ ಎಟುಕುವ ನಲ್ಲಿ, ಮಕ್ಕಳ ಅಳತೆಯ ಕಕ್ಕಸು, ನೀರಿಗೆ ಫಿಲ್ಟರು. ಟೀಚರ್ ವಯಸ್ಸಾದವರು, ಸೆರಗಿಗೆ ಪಿನ್ನು ಹಾಕಿದ ಮೇಲೆ ಸಂಜೆಯವರೆಗೂ ನೆರಿಗೆ ಕದಲದು. ಮಕ್ಕಳು ಕೈಕಟ್ಟಿ ಸಾಲಾಗಿ ಕೂರುತ್ತಿದ್ದವು. ಗೇಟಿನಲ್ಲಿ ನಿಂತ ಅಪರಿಚಿತರಿಗೂ ನಾನು ಆ ಕಟ್ಟಡ ವರ್ಣಿಸಿದ್ದುಂಟು. ಒಂದೇ ಕೊರತೆ, ಇಂಚರ ಅಲ್ಲಿ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ನಿದ್ದೆಯಲ್ಲೂ ಮಾತಾಡುವ ಮಗು, ಹೊಸಿಲು ದಾಟಿದರೆ ತುಟಿ ಹೊಲಿದುಕೊಂಡ ಹಾಗೆ.

“ಮಗು ಬಾಯೇ ಬಿಡಲ್ಲ ಕಣ್ರೀ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಿಡಿ” ಅಂದರು ಟೀಚರ್.

ತೋರಿಸಿದೆ. ಕಿವಿ, ನಾಲಿಗೆ ಎಲ್ಲ ಸರಿ ಇದೆ, ಕೆಲವು ಮಕ್ಕಳು ಹೊರಗಿನವರ ಮುಂದೆ ಮಾತಾಡುವುದಿಲ್ಲ, ಒತ್ತಾಯ ಮಾಡಬೇಡಿ, ಹತ್ತಿರವಾದವರು ಸಿಕ್ಕರೆ ತಾನಾಗಿ ಆಡುತ್ತಾಳೆ ಅಂದರು ಡಾಕ್ಟರು.

ತರೀಕೆರೆಯದು ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆ. ಸುತ್ತ ಅಡಿಕೆ ಮಂಡಿಗಳು. ಗೋಣಿಚೀಲದ ವಾಸನೆ ಮಕ್ಕಳ ಅನ್ನಕ್ಕೂ ಹತ್ತಿಕೊಳ್ಳುತ್ತಿತ್ತು. ಕಕ್ಕಸು ಇಲ್ಲ. ಬಸ್ಸಿನ ಹಾರನ್ನಿಗೆ ಮಕ್ಕಳ ಪದ್ಯ ಕೇಳುತ್ತಿರಲಿಲ್ಲ. ಮೊದಲ ದಿನವೇ “ಕಡೂರಲ್ಲಿ ಹೀಗಿರಲಿಲ್ಲ” ಅಂದೆ. ಆದರೆ ಅಲ್ಲಿ ಹಾಲಮ್ಮ ಅನ್ನುವ ಆಯಾ ಇದ್ದಳು. ಮಕ್ಕಳನ್ನು ಸಾಲಾಗಿ ಕೂರಿಸುವುದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಗೋಡೆಗೊರಗಿ ಕಾಲು ಚಾಚಿ ಕೂತರೆ ಎರಡು ತೊಡೆ, ಎರಡು ಭುಜ, ಬೆನ್ನು ಎಲ್ಲ ಕಡೆ ಮಕ್ಕಳು. ಮೂರನೇ ತಿಂಗಳು ಇಂಚರ ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳಂತೆ. ಏನಂದಳು ಅಂತ ಕೇಳಿದೆ.

“ಮೊಟ್ಟೆ ಸಿಪ್ಪೆ ಸರಿಯಾಗಿ ಸುಲಿ ಅಂದ್ಳು ಕಣವ್ವ” ಅಂದು ಹಾಲಮ್ಮ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಅಲ್ಲಿಯ ಗೇಟು ಹೋಯಿತು.

ಅಜ್ಜಂಪುರಕ್ಕೆ ಬಂದಾಗ ನನ್ನ ಮನಸ್ಸು ಮೊದಲೇ ಕೆಟ್ಟಿತ್ತು. ಅಂಗನವಾಡಿ ಊರಂಚಿನಲ್ಲಿ. ಒಂದೇ ಕೋಣೆ, ಸುಣ್ಣ ಎದ್ದ ಗೋಡೆ, ಕಾಂಪೌಂಡಿಲ್ಲ. ಹಿಂದೆ ಖಾಲಿ ಜಾಗ, ಅದರಾಚೆ ಜಾಲಿಗಿಡ, ಆಮೇಲೆ ಹಳಿ. ನನ್ನ ಗೇಟಿನ ಕೋಣೆ ಹಳಿಯ ಈಚೆ ಬದಿಗೆ, ಅಂಗನವಾಡಿ ಆಚೆ ಬದಿಗೆ, ಅರ್ಧ ಕಿಲೋಮೀಟರ್ ದೂರ. ಡ್ಯೂಟಿಯಲ್ಲಿ ನಿಂತರೆ ಅದರ ಮಾಡು ಮಾತ್ರ ಕಾಣುತ್ತಿತ್ತು. ಟೀಚರ್ ಗೀತಾ ಚಿಕ್ಕ ವಯಸ್ಸಿನವಳು. ಯಾವಾಗ ನೋಡಿದರೂ ಕೈಯಲ್ಲಿ ಮೊಬೈಲು. ಮಕ್ಕಳ ಹಾಜರಿ, ಊಟ, ತೂಕ ಎಲ್ಲವನ್ನೂ ಈಗ ಮೊಬೈಲಿನಲ್ಲೇ ತುಂಬಬೇಕು, ಫೋಟೋ ಹಾಕಬೇಕು ಅಂತ ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ಮೊಬೈಲು ನೋಡುವ ಟೀಚರ್ ಮಾತ್ರ.

ನನ್ನ ಡ್ಯೂಟಿ ಹತ್ತರಿಂದ ಆರು. ದಿನಾ ಬೆಳಿಗ್ಗೆ ಅಂಗನವಾಡಿಯ ಬಾಗಿಲಲ್ಲಿ ಆಯಾ ಸಿದ್ದಮ್ಮನ ಕೈಗೆ ಮಗುವನ್ನು ಕೊಟ್ಟು ಗೇಟಿಗೆ ಓಡುತ್ತಿದ್ದೆ. ನಾಲ್ಕಕ್ಕೆ ಅಂಗನವಾಡಿ ಮುಚ್ಚಿದ ಮೇಲೆ ಇಂಚರ ಸಿದ್ದಮ್ಮನ ಮನೆಯಲ್ಲೇ ಇರುತ್ತಿದ್ದಳು, ಆರರ ಮೇಲೆ ಕರೆದುಕೊಂಡು ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತ ಎರಡೇ ನಿಮಿಷದಲ್ಲಿ ಒಂದಲ್ಲ ಒಂದು ತಪ್ಪು ಸಿಗುತ್ತಿತ್ತು. ನೀರಿನ ಡ್ರಮ್ಮಿಗೆ ಮುಚ್ಚಳ ಇಲ್ಲ, ಕಡೂರಲ್ಲಿ ಹೀಗಿರಲಿಲ್ಲ. ಮಕ್ಕಳು ಮಣ್ಣಲ್ಲಿ ಆಡ್ತಾ ಅವೆ, ಕಡೂರಲ್ಲಿ ಬಿಡ್ತಿರ್ಲಿಲ್ಲ. ಹಾಲಮ್ಮನಾದರೆ ಮಗುವಿನ ಮೂಗು ಒರೆಸುತ್ತಿದ್ದಳು. ಐದು ತಿಂಗಳು ಗೀತಾ ನಗುತ್ತಲೇ ಕೇಳಿಸಿಕೊಂಡಳು. ಒಂದು ಬೆಳಿಗ್ಗೆ ಅವಳೇ ಬಾಗಿಲಿಗೆ ಬಂದು ಖುಷಿಯಿಂದ ಹೇಳಿದಳು.

“ಅಕ್ಕಾ, ನಿಮ್ ಇಂಚರ ಇಲ್ಲಿ ಚೆನ್ನಾಗಿ ಮಾತಾಡ್ತಾಳೆ ಕಣ್ರೀ. ನೆನ್ನೆ ಎಲ್ಲರಿಗೂ ಪದ್ಯ ಹೇಳ್ಕೊಟ್ಳು.”

ನನಗೆ ನಂಬಿಕೆ ಬರಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾಳೆ ಅನ್ನಿಸಿತು.

“ಕಡೂರಲ್ಲೇ ಬಾಯಿ ಬಿಡದೇ ಇದ್ದೋಳು ಇಲ್ಲಿ ಬಿಡ್ತಾಳಾ? ಸುಮ್ನೆ ಏನೇನೋ ಹೇಳ್ಬೇಡಿ ಟೀಚರ್.”

“ಒಳಗೆ ಬಂದು ನೀವೇ ಕೇಳಿ.”

“ನಂಗೆ ಡ್ಯೂಟಿ ಐತೆ.”

ಗೀತಾಳ ಮುಖ ಕೆಂಪಾಯಿತು. “ದಿನಾ ಕಡೂರು, ದಿನಾ ತರೀಕೆರೆ. ಅಷ್ಟು ಚೆನ್ನಾಗಿದ್ರೆ ಅಲ್ಲಿಗೇ ಕಳ್ಸಿ ಅಕ್ಕಾ. ನಂಗೂ ಕೇಳಿ ಕೇಳಿ ಸಾಕಾಯ್ತು” ಅಂದು ಒಳಗೆ ಹೋದಳು. ನಾನು ಇಡೀ ದಿನ ಗೇಟಿನಲ್ಲಿ ಕುದಿಯುತ್ತಿದ್ದೆ. ಅವಳಿಗೆ ಏನೇನು ಹೇಳಬೇಕಿತ್ತು ಅಂತ ಪ್ರತಿ ರೈಲಿಗೂ ಒಂದೊಂದು ಮಾತು ಹೊಳೆಯುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ನನಗೆ ಅವಳ ಮುಖ ನೋಡಲು ಇಷ್ಟವಿರಲಿಲ್ಲ. ಬಾಗಿಲು ತೆರೆದಿತ್ತು. ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ಸಿದ್ದಮ್ಮ ಹೊರಗೆ ಕಾಣಲಿಲ್ಲ. ನಾನು ರಸ್ತೆಯ ತಿರುವಿನಲ್ಲೇ ನಿಂತು, “ಹೋಗು ಪುಟ್ಟಿ, ಒಳಗೆ ಹೋಗು” ಅಂದೆ. ಇಂಚರ ಹತ್ತು ಹೆಜ್ಜೆ ಓಡಿ, ಮೆಟ್ಟಿಲ ಬಳಿ ಕೂತು ಚಪ್ಪಲಿ ಬಿಚ್ಚತೊಡಗಿದಳು. ಇನ್ನೇನು ಒಳಗೆ ಹೋಗುತ್ತಾಳೆ ಅಂದುಕೊಂಡು ತಿರುಗಿ ನಡೆದೆ. ಅವಳು ಒಳಗೆ ಹೋದದ್ದನ್ನು ನಾನು ನೋಡಲಿಲ್ಲ. ಈ ಮಾತನ್ನು ಮುಂದೆ ಮೂರು ದಿನ ಯಾರಿಗೂ ಹೇಳಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಸ್ಟೇಷನ್ನಿನಿಂದ ಫೋನು ಬಂತು. ಗೂಡ್ಸು ಬಿಡಬೇಕು, ಗೇಟು ಹಾಕು ಅಂದರು ಮಾಸ್ಟರು. ಗೇಟು ಹಾಕಿದ ಮೇಲೆ ನಮ್ಮ ಹತ್ತಿರ ಇರುವ ಹಾಳೆಯಿಂದ ಒಂದು ಗುಟ್ಟಿನ ನಂಬರು ಹೇಳಬೇಕು. ಅದು ನಾವು ಕೊಡುವ ಮಾತು. ಆ ಮಾತಿನ ಮೇಲೆ ರೈಲಿಗೆ ದಾರಿ ಬಿಡುತ್ತಾರೆ. ಹ್ಯಾಂಡಲು ತಿರುಗಿಸಿ ಎರಡೂ ಬದಿಯ ಕಂಬ ಇಳಿಸಿದೆ. ನಂಬರು ಹೇಳಿದೆ. ಈಚೆಗೆ ತೆಂಗಿನಕಾಯಿ ಚೀಲ ಹೇರಿದ ಮೊಪೆಡ್ಡಿನ ಒಬ್ಬ ಮುದುಕರು, ಒಂದು ಲಗೇಜ್ ಆಟೋ ನಿಂತವು. ಆಚೆ ಇನ್ನೂ ಯಾರೂ ಇರಲಿಲ್ಲ.

ಆಗ ಮೊಬೈಲು ಹೊಡೆದುಕೊಂಡಿತು. ಗೀತಾ ಟೀಚರ್.

“ಅಕ್ಕಾ, ಇಂಚರ ನಿಮ್ ಹತ್ರ ಬಂದ್ಳಾ?”

“ನನ್ ಹತ್ರ ಯಾಕೆ ಬತ್ತಾಳೆ? ಅಂಗನವಾಡೀಲಿ ಇಲ್ವಾ?”

“ಇವತ್ತು ಬಂದೇ ಇಲ್ಲ ಅಕ್ಕಾ. ರಜಾ ಅಂದ್ಕೊಂಡಿದ್ದೆ. ಈಗ ಸಿದ್ದಮ್ಮ ನೀರಿಗೆ ಹೋದೋಳು ನೋಡಿದ್ರೆ ಮೆಟ್ಲ ಹತ್ರ ಚಪ್ಪಲಿ ಐತೆ. ಮಗು ಇಲ್ಲ.”

ಅಂಗನವಾಡಿಯ ಹಿಂದೆ ಖಾಲಿ ಜಾಗ, ಜಾಲಿಗಿಡ, ಹಳಿ. ಆ ಹಳಿಯ ಮೇಲೆ ಗೂಡ್ಸು, ಅದಕ್ಕೆ ದಾರಿ ಬಿಡಿ ಅಂತ ಮಾತು ಕೊಟ್ಟವಳು ನಾನು. ಸ್ಟೇಷನ್ನಿಗೆ ಫೋನು ತಿರುಗಿಸಿದೆ. “ಸಾರ್, ಗೂಡ್ಸು ನಿಲ್ಸಿ ಸಾರ್, ನನ್ ಮಗು ಹಳಿ ಕಡೆ ಬಂದಿರಬಹುದು.” ಮಾಸ್ಟರು ಅಂದರು, “ಸಿಗ್ನಲ್ ದಾಟೋಯ್ತಲ್ಲಮ್ಮ. ಡ್ರೈವರಿಗೆ ವಾಕಿಟಾಕೀಲಿ ಹೇಳ್ತೀನಿ, ನೀನು ಗೇಟು ಬಿಟ್ಟು ಕದಲಬೇಡ.”

ಈಗ ನೆನೆದರೂ ಅರ್ಥವಾಗುವುದಿಲ್ಲ, ಆ ಹೊತ್ತಿನಲ್ಲಿ ನನ್ನ ಕಾಲು ಹೇಗೆ ಅಲ್ಲೇ ನಿಂತವು ಅಂತ. ಮೊಪೆಡ್ಡಿನ ಮುದುಕರಿಗೆ “ಅಣ್ಣಾ, ನನ್ ಮಗು ಕಾಣ್ತಾ ಇಲ್ಲ, ಹಳಿ ಪಕ್ಕ ನೋಡ್ಕೊಂಡು ಹೋಗಿ” ಅಂತ ಕಿರುಚಿದೆ. ಅವರು ಗಾಡಿ ಅಲ್ಲೇ ಬೀಳಿಸಿ, ಪಂಚೆ ಎತ್ತಿ ಕಟ್ಟಿ, ಹಳಿ ಪಕ್ಕದಲ್ಲಿ ಓಡಿದರು.

ಆಗಲೇ ಆಚೆ ಬದಿಯ ಜಾಲಿಯ ಸಂದಿಯಿಂದ ಒಂದು ಕುರಿಮಂದೆ ರಸ್ತೆಗೆ ಇಳಿದು ಗೇಟಿನ ಕಡೆ ಬಂತು. ಕುರುಬರ ವಯಸ್ಸಾದ ಹೆಂಗಸೊಬ್ಬಳು ಮಂದೆಯ ಹಿಂದೆ ದೂರದಲ್ಲಿದ್ದಳು. ಮಂದೆ ಕಂಬದವರೆಗೂ ಬಂದು ನಿಂತಿತು. ಕಪ್ಪು, ಬೂದು ಬೆನ್ನುಗಳ ನಡುವೆ ಒಂದು ಹಳದಿ ಕಂಡಿತು. ಇಂಚರಳ ಫ್ರಾಕು. ಕುರಿಯಷ್ಟೇ ಎತ್ತರ ಅವಳು, ಒಂದು ಕುರಿಯ ಕತ್ತಿನ ಮೇಲೆ ಕೈ ಹಾಕಿಕೊಂಡು ನಿಂತಿದ್ದಾಳೆ. ಅವಳಿಗೆ ಕುರಿ ಅಂದರೆ ಅಪ್ಪ. ಬೆಳಿಗ್ಗೆ ಅಂಗನವಾಡಿಯ ಪಕ್ಕದಲ್ಲೇ ಹಾದ ಮಂದೆಯ ಜೊತೆ ಹೋದರೆ ಅಪ್ಪ ಸಿಗುತ್ತಾನೆ ಅಂದುಕೊಂಡು ಮೆಟ್ಟಿಲಿಂದಲೇ ಎದ್ದು ಹೋಗಿದ್ದಳು.

ಒಂದು ಗಳಿಗೆ ಜೀವ ಬಂತು. ಮರುಗಳಿಗೆ ಅವಳು ನನ್ನನ್ನು ಕಂಡಳು.

ನಗುತ್ತ ಕೈಯೆತ್ತಿ, ಬಗ್ಗಿ, ಕಂಬದ ಅಡಿ ತಲೆ ತೂರಿಸಿದಳು.

“ಇಂಚೂ, ಬರಬೇಡ! ಅಲ್ಲೇ ನಿಲ್ಲು!” ಅಂತ ಅರಚಿದೆ. ತಿರುವಿನಲ್ಲಿ ಗೂಡ್ಸಿನ ಹಾರನ್ನು ಎಡೆಬಿಡದೆ ಕೂಗುತ್ತಿತ್ತು. ಕೆಂಪು ಬಾವುಟ ಬಿಚ್ಚಿ ಬೀಸಿದೆ. ಬ್ರೇಕು ಹಾಕಿದ ಸದ್ದೂ ಕೇಳಿಸಿತು. ಆದರೆ ತುಂಬಿದ ಗೂಡ್ಸು ನಿಲ್ಲಬೇಕಾದರೆ ಕಿಲೋಮೀಟರ್ ಬೇಕು, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಾನು ಹಳಿಯ ಕಡೆ ಎರಡು ಹೆಜ್ಜೆ ಇಟ್ಟೆ. ಆಟೋದವನು ಹಿಂದಿನಿಂದ ನನ್ನ ತೋಳು ಹಿಡಿದು ಎಳೆದ. ಎಂಜಿನ್ನು ನನ್ನ ಮುಖದ ಮುಂದೆ ದಾಟಿತು. ಕೊನೆಯದಾಗಿ ನಾನು ಕಂಡದ್ದು, ಇಂಚರ ಕಂಬದ ಈಚೆ, ಬರಿಗಾಲಲ್ಲಿ ಜಲ್ಲಿಯ ಮೇಲೆ.

ಆಮೇಲೆ ಬರೀ ಡಬ್ಬಿಗಳು. ಗೂಡ್ಸು ಬಂದರೆ ಡಬ್ಬಿ ಎಣಿಸುವುದು ನನ್ನ ಅಭ್ಯಾಸ. ಅವತ್ತು ಒಂದು ಅಂದದ್ದು ನೆನಪಿದೆ, ಎರಡು ಅನ್ನಲಿಲ್ಲ. ಡಬ್ಬಿ ಡಬ್ಬಿಯ ನಡುವಿನ ಸಂದಿಯಲ್ಲಿ ಆಚೆ ಬದಿ ಮಿಂಚಿ ಮಾಯವಾಗುತ್ತಿತ್ತು. ಕುರಿ. ಕಂಬ. ಮತ್ತೆ ಕುರಿ. ಹಳದಿ ಕಾಣಲಿಲ್ಲ. ಕೂತು ಚಕ್ರಗಳ ಅಡಿಯಿಂದ ನೋಡಿದೆ. ಕುರಿಗಳ ಕಾಲು ಮಾತ್ರ. ಯಾವ ದೇವರನ್ನೂ ಕರೆಯಲಿಲ್ಲ, ಹೆಸರೇ ನೆನಪಾಗಲಿಲ್ಲ. ಬ್ರೇಕು ಹಾಕಿದ್ದರಿಂದ ರೈಲು ನಿಧಾನವಾಗುತ್ತ ಹೋಯಿತು. ನಿಧಾನವಾದಷ್ಟೂ ಮುಗಿಯದಾಯಿತು.

ಕೊನೆಯ ಡಬ್ಬಿ ದಾಟಿತು.

ಆಚೆ ಕಂಬದ ಪಕ್ಕ ನೆಲದ ಮೇಲೆ ಗೀತಾ ಟೀಚರ್ ಕೂತಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೊಣಕೈ ತರಚಿ ರಕ್ತ ಬರುತ್ತಿತ್ತು. ಇಂಚರಳನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದಳು. ಮಗುವಿನ ಮುಖ ಅವಳ ಸೆರಗಿನಲ್ಲಿ ಹೂತುಹೋಗಿತ್ತು. ಅಂಗನವಾಡಿಯಿಂದ ಅಲ್ಲಿವರೆಗೂ ಓಡಿ, ಮಂದೆಯ ಮೇಲೆ ಬಿದ್ದು, ಕಂಬದಡಿ ಕೈ ಚಾಚಿ, ಫ್ರಾಕು ಹಿಡಿದು ಎಳೆದಿದ್ದಳು. ಅದನ್ನು ಕುರಿಯ ಹೆಂಗಸು ಹೇಳಿದಳು. ಗೀತಾಳಿಗೆ ಉಸಿರಾಡಲೂ ಆಗುತ್ತಿರಲಿಲ್ಲ.

ನಾನು ಹಳಿ ದಾಟಿ ಓಡಿ ಮಗುವನ್ನು ಕಿತ್ತುಕೊಂಡೆ. ಕೈಕಾಲು ತಡವಿದೆ, ತಲೆ ತಡವಿದೆ. ಎಲ್ಲ ಇತ್ತು. ಆಮೇಲೆ ನಾನು ಮಾಡಿದ್ದನ್ನು ಕೇಳಿ. ಮಗುವನ್ನು ಉಳಿಸಿಕೊಟ್ಟವಳ ಮುಂದೆ ನಿಂತು, “ಒಂದ್ ಮಗೂನ ನೋಡ್ಕೊಳಕ್ಕಾಗಲ್ವೇನ್ರೀ ನಿಮ್ಗೆ? ಮೊಬೈಲ್ ನೋಡಕ್ಕೆ ಸಂಬ್ಳ ಕೊಡ್ತಾರಾ?” ಅಂತ ಕೂಗಿದೆ.

“ಬೆಳಿಗ್ಗೆ ಬಂದೇ ಇರ್ಲಿಲ್ಲ ಅಕ್ಕಾ” ಅಂದಳು ಅವಳು, ಇನ್ನೂ ಏದುತ್ತ.

“ನಾನೇ ಬಿಟ್ಟು ಬಂದೀನಿ!”

ಅದು ಸುಳ್ಳಲ್ಲ. ನಿಜವೂ ಅಲ್ಲ. ಎರಡೂ ಬದಿಗೆ ಅಷ್ಟು ಹೊತ್ತಿಗೆ ಜನ ಸೇರಿದ್ದರು. ಗೇಟು ಎತ್ತಿಲ್ಲ ಅಂತ ಹಾರನ್ನು ಬೇರೆ. “ತಾಯೀನೇ ಬಿಟ್ಟು ಬಂದೀನಿ ಅಂತವಳೆ, ಇವ್ಳು ಬಂದಿಲ್ಲ ಅಂತಾಳಲ್ಲ” ಅಂತ ಯಾರೋ ಅಂದರು. ಇನ್ಯಾರೋ ಮೊಬೈಲು ಎತ್ತಿ ವಿಡಿಯೋ ಮಾಡಿದರು. ಗೀತಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಎದ್ದು, ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಹೋದಳು. ಅಂಗನವಾಡಿಯಲ್ಲಿ ಉಳಿದ ಮಕ್ಕಳಿದ್ದವು.

ಸಂಜೆಯೊಳಗೆ ವಿಡಿಯೋ ಊರೆಲ್ಲ ಸುತ್ತಿತು. ಯಜಮಾನರು ಯಗಟಿಯಿಂದ ಓಡಿ ಬಂದರು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರು. ಆಮೇಲೆ ಕೇಳಿದರು.

“ನೀನು ಒಳಕ್ಕೆ ಬಿಟ್ಟಿದ್ದೆ ತಾನೆ?”

“ಬಿಟ್ಟಿದ್ದೆ” ಅಂದೆ. ಸ್ವರ ಸ್ವಲ್ಪವೂ ಅಲುಗಲಿಲ್ಲ.

ಮೂರನೇ ದಿನ ನೆರೆಯವರು ಬಂದು, ನಾಳೆ ಅಂಗನವಾಡಿಗೆ ಸೂಪರ್‌ವೈಸರ್ ಮೇಡಂ ವಿಚಾರಣೆಗೆ ಬರುತ್ತಾರೆ, ನೀವು ಒಂದು ದೂರು ಬರೆದುಕೊಡಿ ಅಂದರು. ಟೀಚರನ್ನು ತೆಗೆದುಹಾಕುತ್ತಾರಂತೆ ಅಂತಲೂ ಹೇಳಿದರು. ನಾನು ಹಾಳೆ ತಂದಿಟ್ಟುಕೊಂಡೆ. “ಮಾನ್ಯರೇ” ಅಂತ ಬರೆದೆ. ಮುಂದೆ ಕೈ ಓಡಲಿಲ್ಲ. ನಿಜ ಹೇಳಿದರೆ ಊರು ನನ್ನ ಮುಖಕ್ಕೆ ಉಗಿಯುತ್ತದೆ, ರೈಲು ನಿಲ್ಲಿಸಲು ಬಾವುಟ ಬೀಸಿದ್ದಕ್ಕೆ ನಾನೇ ಆಫೀಸಿಗೆ ಉತ್ತರ ಕೊಡಬೇಕಿತ್ತು, ಅದಕ್ಕೂ ಇದು ಸೇರಿಕೊಳ್ಳುತ್ತದೆ. ಹೇಳದಿದ್ದರೆ ಏನು ಹೋಗುತ್ತದೆ? ಟೀಚರ್ ಇನ್ನೊಂದು ಕೆಲಸ ನೋಡಿಕೊಳ್ಳುತ್ತಾಳೆ. ಹೀಗೂ ಯೋಚಿಸಿದೆ. ಯೋಚಿಸಲಿಲ್ಲ ಅಂದರೆ ಇನ್ನೊಂದು ಸುಳ್ಳಾಗುತ್ತದೆ.

ಅವತ್ತು ಸಂಜೆ ಇಂಚರ ಅಪ್ಪನ ಮುಂದೆ ಮುದ್ದೆ ಮುರಿಯುತ್ತ ತನ್ನ ಪಾಡಿಗೆ ಮಾತಾಡುತ್ತಿದ್ದಳು.

“ಅಪ್ಪಾ, ಅವತ್ತು ಕುರಿ ಬಂತಲ್ಲ, ನಿಮ್ ಕುರಿ ಅಂದ್ಕೊಂಡೆ. ಆ ಅಜ್ಜಿ ಯಾರ್ ಮಗಾ ನೀನು ಅಂದ್ಳು, ನಾನು ಹೇಳ್ಲೇ ಇಲ್ಲ. ಟೀಚರ್ ನೋಡ್ಲೇ ಇಲ್ಲ. ನಾನು ಒಳಗೇ ಹೋಗ್ಲಿಲ್ಲ. ಅಮ್ಮ ರಸ್ತೇಲಿ ಬಿಟ್ಟು ಬಿರಬಿರನೆ ಹೋಗ್ಬಿಟ್ಳು.”

ಯಜಮಾನರ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಕಡೆ ನೋಡಿದರು. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವರು ಬೈಯಲಿಲ್ಲ.

“ನಾಳೆ ಮೇಡಂ ಬತ್ತಾರಲ್ಲ, ಏನ್ ಹೇಳ್ತೀಯ?” ಅಂದರು ಅಷ್ಟೇ.

ಮಾರನೆಯ ದಿನ ಇಂಚರಳನ್ನು ಕರೆದುಕೊಂಡು ಹೋದಾಗ ಅಂಗನವಾಡಿಯ ಜಗಲಿಯ ಮೇಲೆ ಸೂಪರ್‌ವೈಸರ್ ಮೇಡಂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹತ್ತು ಹದಿನೈದು ಜನ ಸುತ್ತ ನಿಂತಿದ್ದರು. ಗೀತಾ ಗೋಡೆಗೆ ಒರಗಿ ನಿಂತಿದ್ದಳು, ಮೊಣಕೈಗೆ ಬ್ಯಾಂಡೇಜು. ಅವಳ ಕಣ್ಣು ಊದಿತ್ತು. “ತಾಯಿ ಏನು ಹೇಳ್ತೀರಮ್ಮ? ಮಗೂನ ಎಷ್ಟು ಗಂಟೆಗೆ, ಯಾರ ಕೈಗೆ ಕೊಟ್ರಿ?” ಅಂದರು ಮೇಡಂ, ಪೆನ್ನು ಹಿಡಿದು.

ಹಿಂದೆ ಯಾರೋ “ಹೆದ್ರಬೇಡ, ಹೇಳಮ್ಮ” ಅಂದರು.

“ಯಾರ ಕೈಗೂ ಕೊಡ್ಲಿಲ್ಲ ಮೇಡಂ” ಅಂದೆ. “ಟೀಚರ್ ಜೊತೆ ಹಿಂದಿನ ದಿನ ಜಗಳ ಆಗಿತ್ತು. ಮುಖ ನೋಡಬಾರ್ದು ಅಂತ ರಸ್ತೆಯಲ್ಲೇ ಬಿಟ್ಟು ಹೋದೆ. ಮಗು ಒಳಗೆ ಹೋಗಿದ್ದು ನಾನು ನೋಡಿಲ್ಲ. ಅವ್ರದ್ದೇನೂ ತಪ್ಪಿಲ್ಲ. ಅವ್ರು ಓಡಿ ಬರದೇ ಇದ್ದಿದ್ರೆ…”

ಆಮೇಲೆ ಗುಜುಗುಜು ಶುರುವಾಯಿತು, ಅದರಲ್ಲಿ ನನಗೆ ಕೇಳಬಾರದ ಮಾತುಗಳೂ ಇದ್ದವು. ಕೇಳಿಸಿಕೊಂಡೆ. ಮೇಡಂ ಎಲ್ಲ ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು. ನಾಳೆಯಿಂದ ಮಗುವನ್ನು ಬಿಡುವವರು ಒಳಗೇ ಬಂದು ಪುಸ್ತಕದಲ್ಲಿ ಸಹಿ ಹಾಕಬೇಕು ಅಂತ ಗೀತಾಳಿಗೆ ಹೇಳಿ ಹೊರಟರು. ರೈಲ್ವೆಯಲ್ಲಿ ನನಗೆ ಒಂದು ನೋಟೀಸು ಬಂತು, ಉತ್ತರ ಕೊಟ್ಟೆ, ಒಂದು ಎಚ್ಚರಿಕೆಗೆ ಮುಗಿಯಿತು. ಅದು ದೊಡ್ಡದೇನಲ್ಲ.

ದೊಡ್ಡದು ಜನ ಚದುರಿದ ಮೇಲಿನದು. ಗೀತಾ ನನ್ನ ಹತ್ತಿರ ಬಂದಳು. ಉಪಕಾರ ಅಂದಾಳು ಅಂತ ಒಂದು ಗಳಿಗೆ ಆಸೆಪಟ್ಟೆ, ನಾಚಿಕೆಯಾಗಬೇಕು ನನಗೆ.

“ಅಕ್ಕಾ, ಕಡೂರಲ್ಲಿ ಮಗೂನ ಒಳಗೆ ಹೋಗಿ ಬಿಡ್ತಿದ್ರಾ?”

“ಬಿಡ್ತಿದ್ದೆ.”

“ತರೀಕೆರೇಲಿ?”

“ಅಲ್ಲೂ.”

“ನಮ್ಮಲ್ಲಿ ಐದು ತಿಂಗಳಲ್ಲಿ ಒಂದು ದಿನಾನಾದ್ರೂ ಒಳಗೆ ಬಂದಿದ್ದೀರಾ?”

ನೀರಿನ ಡ್ರಮ್ಮು, ಗೋಡೆ, ಮಣ್ಣು, ಮೊಬೈಲು ಎಲ್ಲವನ್ನೂ ನಾನು ಬಾಗಿಲ ಹೊರಗೆ ನಿಂತೇ ನೋಡಿದ್ದೆ. ಅವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು. ನಾನು ಇಂಚರಳ ಕೈ ಹಿಡಿದು, ಚಪ್ಪಲಿ ಬಿಟ್ಟು, ಹಿಂದೆಯೇ ಹೋದೆ.

ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಚಾಪೆಯ ಮೇಲೆ ಹತ್ತು ಹನ್ನೆರಡು ಮಕ್ಕಳು ಹುಣಸೆಬೀಜ ಜೋಡಿಸುತ್ತಿದ್ದವು. ಇಂಚರ ನನ್ನ ಕೈ ಬಿಡಿಸಿಕೊಂಡು ಹೋಗಿ ನಡುವೆ ಕೂತಳು. ಎರಡು ಜಡೆಯ ಒಂದು ಪುಟ್ಟ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರೇ ಅದು?” ಅಂತ ಕೇಳಿದಳು.

ನನ್ನ ಮಗಳು ಬೀಜದಿಂದ ತಲೆಯನ್ನೂ ಎತ್ತದೆ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು.

“ನಮ್ಮಮ್ಮ ಕಣೇ. ಇವತ್ತು ಹೊಸದಾಗಿ ಸೇರವ್ಳೆ. ಜಾಗ ಬಿಡು, ಕೂತ್ಕೊಳ್ಲಿ.”